ಬೆಂಬಲ ತರಗತಿ ವಹಿಸಿಕೊಂಡ ಮೇಘನಾಳಿಗೆ

ಸ್ಯಾನ್ ಹೋಸೆ

ಚಿರಂಜೀವಿ ಮೇಘನಾಳಿಗೆ ದೊಡ್ಡಪ್ಪನ ಶುಭಾಶೀರ್ವಾದಗಳು.

ಎರಡು ವರ್ಷದ ಕಮ್ಯುನಿಟಿ ಕಾಲೇಜಿನವರು ಸಂಖ್ಯಾಶಾಸ್ತ್ರದ ಒಂದು ತರಗತಿಯನ್ನೂ, ಅದರಲ್ಲಿ ತಡವರಿಸುವವರಿಗಾಗಿ ಅದಕ್ಕೆ ಜೋಡಿಸಿದ ಬೆಂಬಲ ತರಗತಿಯನ್ನೂ ನಿನಗೆ ವಹಿಸಿದ್ದಾರೆಂದು ತಿಳಿದು ಸಂತೋಷವಾಯಿತು. ಭಿನ್ನರಾಶಿಗಳನ್ನು ಕೂಡಿಸಲು ತಡವರಿಸುವ ವಿದ್ಯಾರ್ಥಿಯನ್ನು ನೇರವಾಗಿ ಕಾಲೇಜು ಮಟ್ಟದ ಗಣಿತಕ್ಕೆ ಕೂರಿಸುವುದು ಅವನಿಗೆ ಉಪಕಾರವೋ ಅಪಕಾರವೋ ಎಂದು ಕೇಳಿದ್ದೀಯೆ. ಮೈಸೂರಿನಲ್ಲಿ ಮಗ್ಗಿ ಒಪ್ಪಿಸಿ ಬೆಳೆದ ನಿನಗೆ ಈ ಸಂದೇಹ ಬರುವುದು ಸಹಜ. ಕ್ಯಾಲಿಫೋರ್ನಿಯಾದಲ್ಲಿಯೇ ಈ ಪಾಠವನ್ನು ಹಳೆಯ ಕ್ರಮದಲ್ಲಿಯೂ ಹೊಸ ಕ್ರಮದಲ್ಲಿಯೂ ಮಾಡಿ ನಿವೃತ್ತನಾದವನು ನಾನಾದ್ದರಿಂದ, ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಹಳೆಯ ಕ್ರಮದಲ್ಲಿ, ಕಾಲೇಜಿಗೆ ಸೇರಲು ಬಂದವರು ಮೊದಲು ಆಕ್ಯುಪ್ಲೇಸರ್ ಅಥವಾ ಕಂಪಾಸ್‌ನಂಥ ಕಂಪ್ಯೂಟರ್ ಪರೀಕ್ಷೆಗೆ ಕೂರಬೇಕಾಗಿತ್ತು. ಹೈಸ್ಕೂಲು ಬಿಟ್ಟು ಎಷ್ಟೋ ವರ್ಷಗಳಾಗಿ, ಯಾವ ಸಿದ್ಧತೆಯೂ ಇಲ್ಲದೆ ಬಂದವರಿಗೂ ಅದೇ ಪರೀಕ್ಷೆ. ಅಂಕ ಕಡಿಮೆಯಾದರೆ ಅಂಕಗಣಿತ, ಪ್ರಾಥಮಿಕ ಬೀಜಗಣಿತ, ಮಧ್ಯಮ ಬೀಜಗಣಿತ ಎಂದು ಒಂದೊಂದಕ್ಕೆ ಒಂದೊಂದು ಸೆಮಿಸ್ಟರ್ ಕಳೆದು, ಆಮೇಲೆ ಪದವಿಗೆ ಲೆಕ್ಕವಾಗುವ ಗಣಿತಕ್ಕೆ ಬರಬೇಕು. ಈಗ ನೀನೇ ಲೆಕ್ಕ ಹಾಕಿ ನೋಡು. ಪ್ರತಿಯೊಂದು ತರಗತಿಯಲ್ಲಿಯೂ ನೂರಕ್ಕೆ 70 ಮಂದಿ ತೇರ್ಗಡೆಯಾಗುತ್ತಾರೆ, ತೇರ್ಗಡೆಯಾದವರಲ್ಲಿ ನೂರಕ್ಕೆ 80 ಮಂದಿ ಮುಂದಿನ ತರಗತಿಗೆ ಹೆಸರು ಹಚ್ಚುತ್ತಾರೆ ಎಂದು ಇಟ್ಟುಕೊಳ್ಳೋಣ. ಯಾವ ಅಧ್ಯಾಪಕನೂ ನಾಚಬೇಕಾದ ಅಂಕಿಗಳಲ್ಲ ಇವು. ಆದರೂ ಮೊದಲ ತರಗತಿಗೆ ಬಂದ ನೂರು ಮಂದಿಯಲ್ಲಿ ನಾಲ್ಕನೆಯದನ್ನು ದಾಟುವವರು ಹನ್ನೆರಡೇ ಮಂದಿ. ಪಾಠವನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಸೆಮಿಸ್ಟರುಗಳ ನಡುವಿನ ಸೋರಿಕೆಯನ್ನು ಅದರಿಂದ ತಡೆಯಲಾಗುವುದಿಲ್ಲ. ಆ ಬಿಡುವಿನಲ್ಲಿಯೇ ಕೆಲಸದ ವೇಳೆ ಬದಲಾಗುತ್ತದೆ, ಮಗು ಹುಟ್ಟುತ್ತದೆ, ಕಾರು ಕೆಡುತ್ತದೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಆಗಿ ಉಳಿಯಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಲೇಜು ಗಣಿತಕ್ಕೆ ಮುನ್ನ ಓದಬೇಕಾದ ಇಂಥ ಪೂರ್ವಸಿದ್ಧತೆಯ ಗಣಿತ ತರಗತಿಗಳಿಗೆ ಕಳುಹಿಸಲ್ಪಟ್ಟವರಲ್ಲಿ ಆ ಸರಣಿಯನ್ನು ಮುಗಿಸಿದವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ತರಗತಿಯಲ್ಲಿ ಕುಳಿತು ಅನುತ್ತೀರ್ಣರಾದವರಿಗಿಂತ, ಮೊದಲ ಅಥವಾ ಮುಂದಿನ ತರಗತಿಗೆ ಹೆಸರನ್ನೇ ಹಚ್ಚದೆ ಬಿಟ್ಟುಹೋದವರು ಹೆಚ್ಚು ಎಂಬುದು ಅದರಲ್ಲಿ ನನಗೆ ಮುಖ್ಯವಾಗಿ ಕಂಡ ಮಾತು.

ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ 2013ರಲ್ಲಿ ನಡೆದ ಪ್ರಯೋಗವನ್ನಂತೂ ನೀನು ಓದಲೇಬೇಕು. ಪ್ರಾಥಮಿಕ ಬೀಜಗಣಿತಕ್ಕೆ ಕಳುಹಿಸಬೇಕಾಗಿದ್ದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಬೀಜಗಣಿತವನ್ನಷ್ಟೇ ಓದಿದವರಲ್ಲಿ ನೂರಕ್ಕೆ 39, ಅದರ ಜೊತೆಗೆ ವಾರವಾರದ ಕಾರ್ಯಾಗಾರವಿದ್ದವರಲ್ಲಿ 45 ಮಂದಿ ತೇರ್ಗಡೆಯಾದರು. ಬೀಜಗಣಿತವನ್ನು ಬಿಟ್ಟು ನೇರವಾಗಿ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರಕ್ಕೆ ಕಾರ್ಯಾಗಾರದೊಂದಿಗೆ ಹೋದವರಲ್ಲಿ 56 ಮಂದಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2017ರ ಎಬಿ 705 ಕಾಯಿದೆ ಬಂದ ಮೇಲೆ, ಯಾರನ್ನು ಯಾವ ತರಗತಿಗೆ ಸೇರಿಸಬೇಕೆಂಬುದಕ್ಕೆ ಆ ಕಂಪ್ಯೂಟರ್ ಪರೀಕ್ಷೆಯ ಬದಲು ಹೈಸ್ಕೂಲಿನ ಅಂಕಪಟ್ಟಿಯೇ ಆಧಾರವಾಯಿತು. ವಿದ್ಯಾರ್ಥಿಗಳು ಒಂದು ವರ್ಷದೊಳಗೆ ವರ್ಗಾವಣೆ ಮಟ್ಟದ, ಎಂದರೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ಲೆಕ್ಕಕ್ಕೆ ಬರುವ ಗಣಿತವನ್ನು ಮುಗಿಸುವ ಸಾಧ್ಯತೆಯನ್ನು ಆದಷ್ಟು ಹೆಚ್ಚಿಸುವ ಹೊಣೆ ಕಾಲೇಜುಗಳ ಮೇಲೆ ಬಿತ್ತು. ನಿನಗೆ ಸಿಕ್ಕಿರುವ ಬೆಂಬಲ ತರಗತಿ ಆ ಕಾಯಿದೆಯ ಕೂಸು.

ಈಗ ನಿನ್ನ ಕೆಲಸದ ವಿಷಯ. ಬೆಂಬಲದ ಗಂಟೆಯಲ್ಲಿ ಹಳೆಯ ಅಂಕಗಣಿತದ ಪುಸ್ತಕವನ್ನು ಮೊದಲ ಪುಟದಿಂದ ಆರಂಭಿಸಬೇಡ. ಹಾಗೆ ಮಾಡಿದರೆ ತೆಗೆದುಹಾಕಿದ ತರಗತಿಯನ್ನೇ ಹಿಂಬಾಗಿಲಿನಿಂದ ಒಳಗೆ ಕರೆತಂದಂತೆ. ಮುಖ್ಯ ತರಗತಿಯಲ್ಲಿ ಆ ವಾರ ಏನು ಬೇಕಾಗುತ್ತದೆಯೋ ಅದನ್ನು ಅದಕ್ಕಿಂತ ಒಂದು ದಿನ ಮುಂಚೆ ಕಲಿಸು. ಸರಾಸರಿ 70, ಮಾನಕ ವಿಚಲನೆ (ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆ) 4 ಇರುವಾಗ 62 ಎಂಬ ಅಂಕ ಸರಾಸರಿಯಿಂದ ಎಷ್ಟು ಮಾನಕ ವಿಚಲನೆಗಳಷ್ಟು ದೂರದಲ್ಲಿದೆ ಎಂಬ ಪಾಠ ಬರುತ್ತದೆ; 62ರಿಂದ 70 ಕಳೆದು, ಬಂದದ್ದನ್ನು 4ರಿಂದ ಭಾಗಿಸಬೇಕು. ಆವರಣ ಚಿಹ್ನೆ ಹಾಕದೆ ಕ್ಯಾಲ್ಕುಲೇಟರಿನಲ್ಲಿ ಒತ್ತಿದವನಿಗೆ ಋಣ 2 ಬರುವ ಬದಲು 44.5 ಬರುತ್ತದೆ, ಅವನು ಅದನ್ನು ಅನುಮಾನಿಸದೆ ಬರೆದುಕೊಳ್ಳುತ್ತಾನೆ. ಕ್ರಿಯೆಗಳ ಕ್ರಮವನ್ನೂ ಋಣ ಸಂಖ್ಯೆಗಳನ್ನೂ ಕಲಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. 0.3 ಮತ್ತು 0.05 ಇವುಗಳಲ್ಲಿ ಯಾವುದು ದೊಡ್ಡದೆಂಬ ಗೊಂದಲ ಅಂಕಿಅಂಶಗಳಿಂದ ಒಂದು ಊಹೆಯನ್ನು ಒರೆಗೆ ಹಚ್ಚುವ ಪಾಠದಲ್ಲಿ, ಬಂದ ಉತ್ತರವನ್ನು 0.05ಕ್ಕೆ ಹೋಲಿಸಬೇಕಾದಾಗ, ತಾನಾಗಿಯೇ ಹೊರಬೀಳುತ್ತದೆ; ದಶಮಾಂಶಗಳನ್ನು ಅಲ್ಲಿ ತಿದ್ದು. ಸರಳರೇಖೆಯ ಇಳಿಜಾರು ಬೇಕಾಗುವುದು ಎರಡು ಅಳತೆಗಳ ಸಂಬಂಧವನ್ನು ಹೇಳುವಾಗ. ಬಹುಪದಗಳ ಅಪವರ್ತನ ಈ ವಿದ್ಯಾರ್ಥಿಗಳಿಗೆ ಎಲ್ಲಿಯೂ ಬೇಕಾಗುವುದಿಲ್ಲ, ನಮಗೆ ಅದು ಎಷ್ಟೇ ಪ್ರಿಯವಾಗಿದ್ದರೂ.

ಮೊದಲ ಮೂರು ವಾರಗಳಲ್ಲಿ ಎರಡು ಸಲ ಗೈರುಹಾಜರಾದವನಿಗೆ ನೀನೇ ಬರೆದು ವಿಚಾರಿಸು. ಸಣ್ಣ ಪರೀಕ್ಷೆಯೊಂದನ್ನು ಬೇಗನೆ ಕೊಟ್ಟು, ತಪ್ಪುಗಳನ್ನು ಗುರುತಿಸಿ, ಮುಂದಿನ ಭೇಟಿಯಲ್ಲಿಯೇ ಹಿಂದಿರುಗಿಸು. ನೀನು ಅರೆಕಾಲಿಕ ಅಧ್ಯಾಪಕಿ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುವ ನಿಮ್ಮಂಥವರನ್ನು ಇಲ್ಲಿ ಫ್ರೀವೇ ಫ್ಲೈಯರ್ ಎಂದು ಕರೆಯುವ ರೂಢಿಯಿದೆ. ಆ ಓಟದ ನಡುವೆ ಇಷ್ಟನ್ನೆಲ್ಲ ಮಾಡುವುದು ಸುಲಭವಲ್ಲವೆಂದು ಬಲ್ಲೆ. ಆದ್ದರಿಂದ ಮನೆಯಲ್ಲಿ ಮಾಡಿತಂದ ಲೆಕ್ಕಗಳ ತಿದ್ದುವಿಕೆಯನ್ನು ಬೆಂಬಲದ ಗಂಟೆಯಲ್ಲಿ ವಿದ್ಯಾರ್ಥಿಗಳ ಕೈಯಲ್ಲಿಯೇ, ಪರಸ್ಪರ ಮಾಡಿಸು. ಒಬ್ಬನ ತಪ್ಪನ್ನು ಇನ್ನೊಬ್ಬನಿಗೆ ವಿವರಿಸುವಾಗ ಇಬ್ಬರಿಗೂ ಪಾಠವಾಗುತ್ತದೆ.

ಹೊಸ ಕ್ರಮವನ್ನು ನಾನು ಕಣ್ಣುಮುಚ್ಚಿ ಹೊಗಳುವವನಲ್ಲ. ಸಂಖ್ಯಾಶಾಸ್ತ್ರ ಸಾಕಾಗುವುದು ಸಮಾಜಶಾಸ್ತ್ರ, ಮನಃಶಾಸ್ತ್ರ, ನರ್ಸಿಂಗ್‌ನಂಥ ಹಾದಿ ಹಿಡಿಯುವವರಿಗೆ. ಎಂಜಿನಿಯರಿಂಗ್ ಬಯಸುವವನಿಗೆ ಬೀಜಗಣಿತವಿಲ್ಲದೆ ಗತಿಯಿಲ್ಲ, ಮತ್ತು 2022ರ ಎಬಿ 1705 ಕಾಯಿದೆ ಅಂಥವರನ್ನು ಬೇಗನೆ ಕ್ಯಾಲ್ಕುಲಸ್‌ಗೆ ತಲುಪಿಸಲು ಹೊರಟಾಗ ಗಣಿತದ ಅಧ್ಯಾಪಕರಲ್ಲಿ ಅನೇಕರು ವಿರೋಧಿಸಿದ್ದನ್ನು ಬರೀ ಸೋಮಾರಿತನವೆಂದು ತಳ್ಳಿಹಾಕಲಾರೆ. ಆದ್ದರಿಂದ ಮೊದಲ ವಾರದಲ್ಲಿಯೇ ಪ್ರತಿಯೊಬ್ಬರನ್ನೂ ಮುಂದೆ ಏನು ಓದುವ ಯೋಚನೆಯಿದೆ ಎಂದು ಕೇಳು. ತಪ್ಪು ತರಗತಿಗೆ ಬಂದಿದ್ದರೆ ಕೌನ್ಸೆಲರ್ ಬಳಿಗೆ ಆಗಲೇ ಕಳುಹಿಸಬಹುದು.

ನ್ಯೂಯಾರ್ಕಿನ ಆ ಪ್ರಯೋಗದಲ್ಲಿ ನೂರಕ್ಕೆ 56 ಎಂದರೆ 44 ಮಂದಿ ತೇರ್ಗಡೆಯಾಗದೆ ಉಳಿದರು ಎಂದೂ ಆಯಿತು. ನಿನ್ನ ತರಗತಿಯಲ್ಲಿಯೂ ಅಂಥವರು ಇರುತ್ತಾರೆ. ಫಲಿತಾಂಶ ಬರುವ ತನಕ ಕಾಯದೆ, ಕೊನೆಯ ವಾರಗಳಲ್ಲಿ ಅವರನ್ನು ಒಬ್ಬೊಬ್ಬರಾಗಿ ಕರೆದು, ಮುಂದಿನ ಸೆಮಿಸ್ಟರಿನಲ್ಲಿ ಇದೇ ಪಾಠ ಯಾವ ದಿನ, ಯಾವ ಹೊತ್ತಿಗೆ ಇದೆಯೆಂದು ತೋರಿಸಿ, ನಿನ್ನೆದುರಿನಲ್ಲಿಯೇ ಹೆಸರು ನೋಂದಾಯಿಸಲು ಹೇಳು. ಮೊದಲ ತಿಂಗಳ ಬೆಂಬಲ ಪಾಠಗಳ ಯೋಜನೆಯನ್ನು ಬರೆದಾದ ಮೇಲೆ ನನಗೆ ಕಳುಹಿಸು, ನೋಡಿ ಗುರುತು ಹಾಕಿ ಕೊಡುತ್ತೇನೆ.

ಇತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ