ವೀರರ ಹೆಸರು ನೋಟಿಗೋ, ನೆಲಕ್ಕೋ?

ಮಾನ್ಯ ಸಂಪಾದಕರೇ,

ನೋಟಿನ ಮೇಲೆ ಇಂಥವರ ಚಿತ್ರವಿರಲಿ, ವೃತ್ತಕ್ಕೆ ಇಂಥವರ ಹೆಸರಿರಲಿ ಎಂಬ ಬೇಡಿಕೆಗಳು ಆಗಾಗ ಕೇಳಿಬರುತ್ತವೆ. ಎರಡೂ ಒಂದೇ ಬಗೆಯ ಗೌರವವೆಂದು ಹಲವರು ತಿಳಿದಂತಿದೆ. ಬ್ಯಾಂಕಿನ ಕೌಂಟರಿನಲ್ಲಿ ಹಣ ಎಣಿಸುತ್ತಲೇ ನಿವೃತ್ತನಾದ ನನಗೆ ಹಾಗೆನಿಸುವುದಿಲ್ಲ.

ದಕ್ಷಿಣ ಅಮೆರಿಕದ ಹಲವು ನಾಡುಗಳನ್ನು ಸ್ಪೇನಿನ ಹಿಡಿತದಿಂದ ಬಿಡಿಸಿದ ಸಿಮೊನ್ ಬೊಲಿವಾರ್ ಅವರು ಬದುಕಿದ್ದಾಗಲೇ, 1825ರಲ್ಲಿ, ಅವರ ಹೆಸರು ಹೊತ್ತು ಬೊಲಿವಿಯಾ ದೇಶ ಹುಟ್ಟಿತು. ಮುಂದೆ ಅಲ್ಲಿಯ ಹಣವೂ ಬೊಲಿವಿಯಾನೊ ಎನಿಸಿಕೊಂಡಿತು. ಅವರ ಹುಟ್ಟೂರಿನ ದೇಶವಾದ ವೆನೆಜುವೆಲಾ 1879ರಲ್ಲಿ ತನ್ನ ಬೆಳ್ಳಿ ನಾಣ್ಯವನ್ನೇ ‘ಬೊಲಿವಾರ್’ ಎಂದು ಕರೆಯಿತು. ಬೆಳ್ಳಿ ಇದ್ದಷ್ಟು ಕಾಲ ಹೆಸರಿಗೂ ತೂಕವಿತ್ತು. ಬೆಲೆಯೇರಿಕೆ ಕೈಮೀರಿದ ಮೇಲೆ ಆ ಹಣದಿಂದ 2008ರಲ್ಲಿ 3, 2018ರಲ್ಲಿ 5, 2021ರಲ್ಲಿ 6, ಒಟ್ಟು 14 ಸೊನ್ನೆಗಳನ್ನು ಅಳಿಸಬೇಕಾಯಿತು. ಯುದ್ಧದಲ್ಲಿ ಗೆದ್ದವರ ಹೆಸರು ‘ಕುಸಿಯಿತು’ ಎಂಬ ಕ್ರಿಯಾಪದದ ಜೊತೆಗೇ ಸುದ್ದಿಯಾಗುವುದೆಂದರೆ ಇದೆಂಥ ಗೌರವವೋ! ಅವರ ಸೇನಾನಿ ಸುಕ್ರೆಯವರ ಹೆಸರಿನ ಹಣವನ್ನು ಈಕ್ವೆಡಾರ್ 2000ರಲ್ಲಿ ಕೈಬಿಟ್ಟು ಡಾಲರನ್ನು ಒಪ್ಪಿಕೊಂಡಿತು. ಬೊಲಿವಿಯಾದ ಸುಕ್ರೆ ನಗರ ಮಾತ್ರ ಇಂದಿಗೂ ಸುಕ್ರೆಯೇ ಆಗಿದೆ.

ನಮ್ಮಲ್ಲೂ ಮೈಸೂರಿನ ಕಂಠೀರವ ನರಸರಾಜ ಒಡೆಯರ ಹೆಸರು ಕಂಠೀರಾಯಿ ಹಣವಾಗಿ ಅವರ ಕಾಲದ ನಂತರವೂ ಓಡಾಡಿತು. ಘಟ್ಟದ ಮೇಲೆ ಊರಿನ ಹೆಸರೇ ನಾಣ್ಯಕ್ಕೆ ಬಂತು. ಕೆಳದಿ ಅರಸರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದರೂ ಅವರ ಚಿನ್ನದ ನಾಣ್ಯವಾದ ವರಹ ಇಕ್ಕೇರಿ ವರಹವಾಗಿಯೇ ಉಳಿಯಿತು. ಈಗ ಆ ವರಹವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಬೇಕು, ಇಕ್ಕೇರಿಗಾದರೆ ಸಾಗರದಿಂದ ಇಂದೂ ಹೋಗಿಬರಬಹುದು.

ಆದ್ದರಿಂದ ಹೆಸರಿಡುವುದಾದರೆ ನೆಲಕ್ಕೇ ಇಡುವುದು ಮೇಲು. ಆದರೆ ನೆಲಕ್ಕಿಟ್ಟ ಹೆಸರೂ ಬಳಸಿ ಬಳಸಿ ಸವೆಯುತ್ತದೆ. ಕಾರವಾರದಲ್ಲಿ ಸಂಜೆ ಟಾಗೋರ್ ಕಡಲತೀರಕ್ಕೆ ಹೋಗುವವರಲ್ಲಿ ಎಷ್ಟು ಮಂದಿ, ತರುಣ ರವೀಂದ್ರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರೆಂಬುದನ್ನು ನೆನೆಯುತ್ತಾರೆ? ನಮ್ಮ ಚೆಂಡಿಯಾ ಮೂಲದ ರಾಮಾ ರಾಘೋಬಾ ರಾಣೆಯವರ ಹೆಸರನ್ನು 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಇಡಲಾಯಿತು. 1948ರ ಏಪ್ರಿಲಿನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ, ಶತ್ರುಗಳ ಗುಂಡಿನ ನಡುವೆ, ನೆಲಬಾಂಬುಗಳನ್ನೂ ಅಡ್ಡಗಟ್ಟಿದ ಮರಗಳನ್ನೂ ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು ಅವರು. ‘ರಾಣೆ’ ಎಂಬ ಎರಡಕ್ಷರದ ಫಲಕ ಇದಷ್ಟನ್ನೂ ಹೇಳಲಾರದು.

ಜಿಲ್ಲೆಯ ಸ್ಥಳೀಯ ಸಂಸ್ಥೆಗಳು ಇನ್ನು ಮುಂದೆ ರಸ್ತೆ, ವೃತ್ತಗಳಿಗೆ ಹೆಸರಿಡುವಾಗ, ಆ ವ್ಯಕ್ತಿ ಮಾಡಿದ ಕೆಲಸವನ್ನೂ ಇಸವಿಯನ್ನೂ ಹೆಸರಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಸಬೇಕು; ಜನರ ಬಾಯಲ್ಲಿರುವ ಹಳೆಯ ಹೆಸರನ್ನು ಅಳಿಸದೆ ಪಕ್ಕದಲ್ಲೇ ಉಳಿಸಬೇಕು ಎಂದು ವಿನಂತಿಸುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಕಾರವಾರ