ಗೋಲ್ ಹೊಡಿಯೋರ್ ಯಾರ್ರಿ?

ಸಂಪಾದಕರಿಗಿ ಶರಣು ಶರಣಾರ್ಥಿ.

ನಿಮ್ಮ ಪೇಪರ್ ನಮ್ಮ ಅಂಗಡಿಗಿ ಬರ್ಲಿಕತ್ತಿ ಇಪ್ಪತ್ತು ವರ್ಷದ ಮ್ಯಾಲಾತು. ನಾ ಅದ್ನ ಹಿಂದಿಂದ ಓದೋ ಮನುಷ್ಯ, ಮೊದ್ಲು ಆಟದ ಪುಟ, ಆಮ್ಯಾಲ ತೊಗರಿ ರೇಟು, ರಾಜಕೀಯ ಟೈಮ್ ಸಿಕ್ರ ಓದ್ತೀನಿ ಇಲ್ಲಂದ್ರ ಅದ್ರಾಗ ಮೊಳಿ ಕಟ್ಟಿ ಗಿರಾಕಿಗಿ ಕೊಡ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ, ಹಾರ್ಡ್‌ವೇರ್ ಅಂಗಡಿ ಅಂದ್ರ ಹಂಗೇ. ಇವತ್ತು ಬರೀಲಾಕ ಕಾರಣ ನಮ್ಮ ದೇಶದ ಫುಟ್ಬಾಲ್ ಟೀಮಿನ ಮುಂದಿನ ಸಾಲು, ನಮ್ಮ ಕಾಲದಾಗ ಫಾರ್ವರ್ಡ್ ಲೈನ್ ಅಂತಿದ್ವಿ. ಅದು ಇಲ್ಲೇ ಇಲ್ರಿ. ಸೋತಾಗೆಲ್ಲಾ ನೀವು ‘ಅವಕಾಶ ಕೈಚೆಲ್ಲಿತು’ ಅಂತ ನಾಕು ಲೈನ್ ಬರ್ದು ಮುಗಸ್ತೀರಿ, ಯಾಕ ಚೆಲ್ತು, ಎಷ್ಟು ವರ್ಷದಿಂದ ಚೆಲ್ಲಿಕತ್ಯದ ಅನ್ನೋದು ಯಾರೂ ಬರಿವಲ್ರು.

2024ರ ಜನವರಿದಾಗ ಕತಾರ್‌ದಾಗ ಏಷ್ಯನ್ ಕಪ್ ಆತು, ನೆನಪದ ಅಲ್ರಿ? ಆಸ್ಟ್ರೇಲಿಯಾ ಕೈಲಿ 2-0, ಉಜ್ಬೇಕಿಸ್ತಾನ ಕೈಲಿ 3-0, ಸಿರಿಯಾ ಕೈಲಿ 1-0. ಮೂರು ಮ್ಯಾಚ್, 270 ನಿಮಿಷ, ನಮ್ದು ಒಂದು ಗೋಲಿಲ್ಲ. ಅವ್ರು ದೊಡ್ಡ ಟೀಮು ಬಿಡ್ರಿ ಅಂತೀರೇನು, ಆ ಇಡೀ 2024ರಾಗ ನಾವು ಒಂದು ಮ್ಯಾಚೂ ಗೆದ್ದಿಲ್ಲ. ಮಾರ್ಚಿನಾಗ ಗುವಾಹಟಿದಾಗ, ಅಂದ್ರ ನಮ್ಮ ಮನೀ ಅಂಗಳದಾಗ, ಅಫ್ಘಾನಿಸ್ತಾನ ಬಂದು 2-1 ಹೊಡದು ಹೋತು, ನಮ್ದು ಆ ಒಂದು ಗೋಲೂ ಕ್ಯಾಪ್ಟನ್ ಸುನಿಲ್ ಛೆಟ್ರಿಯ ಪೆನಾಲ್ಟಿ. ಜೂನ್ 6ಕ್ಕ ಕೋಲ್ಕತ್ತಾದಾಗ ಕುವೈತ್ ಜೋಡಿ ಛೆಟ್ರಿಯ ಕಡೀ ಮ್ಯಾಚ್ ಅಂತ ಆತು. ಸ್ಟೇಡಿಯಂ ತುಂಬಿತ್ತು, ನಮ್ಮ ಮನ್ಯಾಗ ರೊಟ್ಟಿ ಬಡಿಯೋದು ಬಿಟ್ಟು ಹೆಣ್ಮಕ್ಳೂ ಟಿವಿ ಮುಂದ ಬಂದು ಕುಂತಿದ್ರು. 0-0. ಅವ ಅಳಕೋತ ಹೋದ, ಇಲ್ಲಿ ನಮ್ಮ ಅವ್ವನೂ ಅತ್ಳು, ಆಕಿಗಿ ಆಫ್‌ಸೈಡ್ ಅಂದ್ರ ಏನಂತ ಇವತ್ತಿಗೂ ತಿಳಿದಿಲ್ಲ.

ಮುಂದ ಏನಾತು? 2025ರ ಮಾರ್ಚಿನಾಗ ಅವ್ನಿಗೇ ವಾಪಸ್ ಕರದ್ರು. 40 ವರ್ಷದ ಮನುಷ್ಯನಿಗಿ. ಬಂದವ್ನೇ ಶಿಲ್ಲಾಂಗಿನಾಗ ಮಾಲ್ಡೀವ್ಸ್ ಮ್ಯಾಲ ತಲೀಲೆ ಹೊಡದು ಗೋಲ್ ಮಾಡ್ದ. ಖುಷಿ ಆತು ಖರೇ, ಹೊಟ್ಟೀನೂ ಉರೀತು. ಮನ್ಯಾಗ ದುಡಿಯೋ ವಯಸ್ಸಿನ ಮಕ್ಳು ಕುಂತಿರಬೇಕಾದ್ರ ಪಿಂಚಣಿ ಆದ ಅಪ್ಪನ ಹೆಗಲಿಗಿ ಮತ್ತ ನೊಗ ಹೂಡಿದಂಗ.

ಆಮ್ಯಾಲ ಸೌದಿ ಅರೇಬಿಯಾದ 2027ರ ಏಷ್ಯನ್ ಕಪ್ಪಿನ ಕ್ವಾಲಿಫೈಯಿಂಗ್. ಗ್ರೂಪಿನಾಗ ಬಾಂಗ್ಲಾದೇಶ, ಹಾಂಗ್ ಕಾಂಗ್, ಸಿಂಗಾಪುರ. ಡ್ರಾ ನೋಡಿ ನಾನೇ ಅಂಗಡ್ಯಾಗ ಎಲ್ಲರಿಗಿ ಚಾ ಕುಡಿಸಿದ್ದೆ, ಸೌದಿ ಅರೇಬಿಯಾ ಟಿಕೆಟ್ ಆತು ಅಂದ್ಕೊಂಡು. ಬಾಂಗ್ಲಾ ಜೋಡಿ ಶಿಲ್ಲಾಂಗಿನಾಗ 0-0. ಹಾಂಗ್ ಕಾಂಗಿನಾಗ ಕೊನೀ ಗಳಿಗ್ಯಾಗ ಪೆನಾಲ್ಟಿ ಕೊಟ್ಟು 1-0 ಸೋಲು. ಸಿಂಗಾಪುರಕ್ಕ ಹೋಗಿ 1-1, ಅದೂ 90ನೇ ನಿಮಿಷಕ್ಕ ರಹೀಮ್ ಅಲಿ ಹೊಡದಿದ್ದಕ್ಕ ಮಾನ ಉಳೀತು. ಅಕ್ಟೋಬರ್ 14ಕ್ಕ ಗೋವಾದಾಗ ಅದೇ ಸಿಂಗಾಪುರ ಜೋಡಿ ಚಾಂಗ್ಟೆ ಜಲ್ದಿ ಗೋಲ್ ಹೊಡದು ಮುಂದ ಇದ್ವಿ, ಆಮ್ಯಾಲ 2-1 ಸೋತ್ವಿ, ಕಥಿ ಮುಗೀತು. ನವೆಂಬರಿನಾಗ ಢಾಕಾದಾಗೂ 1-0 ಸೋಲು, ಬಾಂಗ್ಲಾದವ್ರು ನಮಗ ಸೋಲಿಸಿ 22 ವರ್ಷ ಆಗಿತ್ತಂತ. ಲೆಕ್ಕ ಹಾಕ್ರಿ, ಐದು ಮ್ಯಾಚು ಎರಡು ಗೋಲು. ಕೋಚ್ ಬದಲಾದ್ರು, ಸ್ಟಿಮಾಚ್ ಹೋಗಿ ಮನೋಲೊ ಬಂದ್ರು, ಮನೋಲೊ ಹೋಗಿ ಖಾಲಿದ್ ಜಮೀಲ್ ಬಂದ್ರು. ಅಡಿಗಿ ಭಟ್ಟ ಬದಲಾದ್ರೇನು, ಡಬ್ಬ್ಯಾಗ ಬ್ಯಾಳಿನೇ ಇಲ್ಲ.

ಬ್ಯಾಳಿ ಯಾಕಿಲ್ಲ ಅಂದ್ರ, ಐಎಸ್‌ಎಲ್ ನೋಡ್ರಿ, ಕ್ಲಬ್ಬುಗಳ ಇಂಡಿಯನ್ ಸೂಪರ್ ಲೀಗ್. 2014ಕ್ಕ ಶುರು ಆತು, 2024-25ರ ತನ ಹನ್ನೊಂದು ಸೀಸನ್, ಹೆಚ್ಚು ಗೋಲ್ ಹೊಡದವ್ನಿಗಿ ಕೊಡೋ ಗೋಲ್ಡನ್ ಬೂಟ್ ಒಮ್ಮೀನೂ ನಮ್ಮ ಹುಡುಗನ ಕೈಗಿ ಬಂದಿಲ್ಲ. ಕೋರೋ, ಒಗ್ಬೆಚೆ, ಡಯಮಂಟಕೋಸ್, ಎಲ್ಲಾ ಹೊರಗಿನವ್ರು. 2024-25ರಾಗ ಮೊರಾಕ್ಕೋದ ಅಜಾರಾಯಿ ಒಬ್ನೇ 23 ಹೊಡದ. ನಮ್ಮವ್ರಾಗ ಆ ವರ್ಷ ಹೆಚ್ಚು ಹೊಡದವ ಯಾರು ಗೊತ್ತೇನ್ರಿ, 14 ಗೋಲಿನ ಅದೇ ಛೆಟ್ರಿ ಅಪ್ಪ! ನಾಕು ಫಾರಿನ್ ಪ್ಲೇಯರ್ ಮೈದಾನದಾಗ ಇಳಿಸಬಹುದು ಅಂತ ರೂಲ್ ಅದ, ಕ್ಲಬ್ಬಿನ ಮಾಲಕ ರೊಕ್ಕ ಸುರುವ್ಯಾನ, ಅವ ಗೋಲ್ ಹೊಡಿಯೋನಿಗೇ ತರ್ತಾನ, ನಟ್ಟನಡುವಿನ ಆ ಜಾಗಾ ಮೊದ್ಲು ಹೋಗ್ತದ. ನಮ್ಮ ಹುಡುಗ್ರು ಬಾಜು ಬಾಜು ಓಡ್ತಾರ, ವಿಂಗಿನಾಗ. ಅದಕ್ಕೇ ಚಾಂಗ್ಟೆ ಬಂದ, ಲಿಸ್ಟನ್ ಕೊಲಾಸೊ ಬಂದ, ಕ್ರಾಸ್ ಹೊಡಿಯೋರು ಸಿಕ್ಕಾರ, ಆ ಕ್ರಾಸಿಗಿ ನಡುವ ನಿಂತು ತಲಿ ಕೊಡೋನೇ ಇಲ್ಲ. ಕೀಪರ್ ನೋಡ್ರಿ ಬೇಕಾರ, ಕ್ಲಬ್ಬಿನಾಗ ಕೀಪರ್ ಜಾಗಾ ನಮ್ಮವ್ರಿಗೇ ಬಿಟ್ಟಾರ, ಗುರುಪ್ರೀತ್ ಅಂಥಾವ್ರು ತಯಾರಾದ್ರು. ಆಡಿದವ ಕಲೀತಾನ, ಬೆಂಚಿನ ಮ್ಯಾಲ ಕುಂತವ ಹ್ಯಾಂಗ ಕಲೀಬೇಕು?

ಇಷ್ಟೇ ಆಗಿದ್ರ ನಾ ಪತ್ರ ಬರೀತಿದ್ದಿಲ್ಲ, ಇದನ್ನ ಟಿವ್ಯಾಗೂ ಅಂತಾರ. ನಾ ನೋಡಿದ್ದು ಬ್ಯಾರೇನೇ ಅದ, ಅದೂ ಇಲ್ಲೇ ಕಲಬುರಗ್ಯಾಗ.

ನನ್ನ ತಂಗಿ ಮಗ, ಹದಿನಾಕು ವರ್ಷದಾವ, ಸಾಲಿ ಟೀಮಿನಾಗ ಸೆಂಟರ್ ಫಾರ್ವರ್ಡ್. ಹೋದ ಐತಾರ ಬೆಳಿಗ್ಗಿ ಆರಕ್ಕ ಅವ್ನ ಮ್ಯಾಚಿತ್ತು, ಸೀಟಿ ಊದೋರ್ ಯಾರಿಲ್ಲಂತ ನನಗ ಕರ್ಕೊಂಡ ಹೋದ. ಮೈದಾನ ಅಂದ್ರ ಮುರುಮಿನ ನೆಲ, ಬಿದ್ರ ಮೊಣಕಾಲಿನ ತೊಗಲು ಅಲ್ಲೇ ಬಿಟ್ಟು ಬರಬೇಕು. ಏಳು ಕ್ರಿಕೆಟ್ ಮ್ಯಾಚ್ ಒಂದ್ರ ಮ್ಯಾಲ ಒಂದು ನಡದಿದ್ವು, ಒಬ್ಬನ ಮಿಡ್ ಆನ್ ಇನ್ನೊಬ್ಬನ ಸ್ಲಿಪ್ಪು. ಮೂಲ್ಯಾಗ ಉಳಿದಿದ್ದು ಫುಟ್ಬಾಲಿಗಿ. ಒಂದ್ಕಡಿ ಕಬ್ಬಿಣದ ಗೋಲ್ ಪೋಸ್ಟ್ ಅದ ನೆಟ್ಟಿಲ್ಲ, ಇನ್ನೊಂದ್ಕಡಿ ಎರಡು ಸ್ಕೂಲ್ ಬ್ಯಾಗ್ ಇಟ್ಟಿದ್ರು. ಏಪ್ರಿಲ್ ಬಂತಂದ್ರ ಅಲ್ಲಿ ಎಂಟಕ್ಕೆಲ್ಲಾ ಬೂಟಿನೊಳಗ ಕಾಲು ಸುಡ್ತಾವ, ಅದಕ್ಕ ಆರಕ್ಕೇ ಶುರು ಮಾಡ್ತಾರ.

ಸೆಕೆಂಡ್ ಹಾಫಿನಾಗ ಆ ಕಡಿ ಡಿಫೆಂಡರ್ ಕಾಲು ಜಾರಿ ಬಿದ್ದ. ಚೆಂಡು ಸೀದಾ ಇವ್ನ ಬಲಗಾಲಿಗೇ ಬಂತು. ಮುಂದ ಕೀಪರ್ ಒಬ್ನೇ, ಹತ್ತು ಹೆಜ್ಜಿ ಇದ್ದಿರಬೇಕು, ಕೀಪರೂ ಗಾಬರಿಯಾಗಿ ಒಂದು ಬಾಜು ವಾಲಿ ನಿಂತಿದ್ದ, ಅರ್ಧ ಗೋಲು ಖಾಲಿ. ನಾ ಸೀಟಿ ಬಾಯಾಗ ಹಿಡ್ಕೊಂಡೇ ನಿಂತೆ, ಗೋಲಿಗಿ ಊದಲಾಕ. ಆ ಹುಡುಗ ಗೋಲ್ ನೋಡ್ಲಿಲ್ರಿ. ತಲಿ ಎತ್ತಿ ಲೈನಿನ ಹೊರಗ ನಿಂತಿದ್ದ ಅವ್ರ ಸರ್ ಮಾರಿ ನೋಡ್ದ. ನೋಡಿ, ಚೆಂಡು ಬಾಜು ಇದ್ದವ್ನಿಗಿ ದಬ್ಬಿದ, ಅಷ್ಟ್ರಾಗ ಮೂರು ಮಂದಿ ಬಂದು ಕಸ್ಗೊಂಡ್ರು.

ಮ್ಯಾಚ್ ಮುಗದ ಮ್ಯಾಲ ಸುಸಲಾ ತಿನ್ಕೋತ ಕೇಳ್ದೆ, ಯಾಕಪಾ ಹೊಡೀಲಿಲ್ಲ? ‘ಮಾಮಾ, ಮಿಸ್ ಆದ್ರ ಸರ್ ಹೊರಗ ಕೂಡಸ್ತಾರ’ ಅಂದ. ಪಾಸ್ ಕೊಟ್ಟೂ ಚೆಂಡು ಹೋತಲ್ಲೋ ಅಂದೆ. ‘ಅದು ನನ್ನ ಮ್ಯಾಲ ಬರಲ್ಲ’ ಅಂದ.

ಇನ್ನೊಂದು ತುತ್ತು ಇಳೀಲಿಲ್ಲ ನನಗ. ಯಾಕಂದ್ರ ಟಿವ್ಯಾಗ ನಮ್ಮ ದೇಶದ ಟೀಮ್ ಆಡೋದೂ ಬರೋಬ್ಬರಿ ಹಂಗೇ ಅಲ್ಲೇನ್ರಿ, ಬಾಕ್ಸಿನ ತನ ಛಲೋ ಬರ್ತಾರ, ಬಂದು ಒಬ್ಬ ಇನ್ನೊಬ್ಬನಿಗಿ ಕೊಡ್ತಾನ, ಅವ ಮತ್ತೊಬ್ಬನಿಗಿ, ಕೈಯಾಗ ಬಿಸಿ ಕೆಂಡ ಬಂದಂಗ. ಹೊಡಿಯೋ ಜವಾಬ್ದಾರಿ ಯಾರ್ಗೂ ಬ್ಯಾಡ. ಅವ್ರೂ ಹದಿನಾಕು ವರ್ಷದಾಗ ಇಂಥದೇ ಯಾವ್ದೋ ಮೈದಾನದಾಗ ಸರ್ ಮಾರಿ ನೋಡ್ಕೋತ ಬೆಳದಿರಬೇಕಂತ ನನಗ ಅನಸ್ತದ.

ಆ ಸರ್‌ಗಿ ನಾ ಬೈಯಲ್ಲ, ಅವ್ರ ಹೆಸರೂ ಹೇಳಲ್ಲ. ಅವ್ರ ಕಷ್ಟಾನೂ ನೋಡ್ರಿ. ಸಾಲಿ ಟೂರ್ನಮೆಂಟ್ ಅಂದ್ರ ನಾಕೌಟ್, ಒಂದು ಮ್ಯಾಚ್ ಸೋತ್ರ ಮನಿಗಿ, ತಾಲೂಕಿನಿಂದ ಜಿಲ್ಲಾಕ್ಕ ಹೋಗಬೇಕಂದ್ರ ಗೋಲ್ ತಿನಬಾರದು. ಗೋಲ್ ಹೊಡೀಲಿಲ್ಲಂದ್ರೂ ನಡೀತದ, ಪೆನಾಲ್ಟಿ ಶೂಟೌಟ್‌ನಾಗ ನಸೀಬು ಇದ್ರ ಗೆಲ್ತಾರ. ಅದಕ್ಕ ಮಾಸ್ತರ್ರು ಟೀಮಿನಾಗ ಗಟ್ಟಿ ಹುಡುಗ ಯಾರಿದ್ದಾನೋ ಅವ್ನಿಗಿ ಮೊದ್ಲು ಹಿಂದ ನಿಲ್ಲಸ್ತಾರ, ನಾ ಎಷ್ಟೋ ಸಾಲ್ಯಾಗ ನೋಡೀನಿ. ಮುಂದ ಯಾರು? ಉಳಿದವ್ರು. ಮತ್ತ ಚೆಂಡು! ಪ್ರಾಕ್ಟೀಸಿಗಿ ಇಪ್ಪತ್ತು ಹುಡುಗ್ರಿಗಿ ಎರಡು ಚೆಂಡು, ಒಂದ್ರಾಗ ಗಾಳಿ ನಿಲ್ಲಲ್ಲ. ಒಂದಿನ ಸುಮ್ನೆ ಕುಂತು ಎಣಿಸ್ದೆ, ಒಂದೂವರಿ ತಾಸಿನಾಗ ನಮ್ಮ ಹುಡುಗ ಗೋಲಿಗಿ ಹೊಡದಿದ್ದು ಮೂರೇ ಮೂರು ಸಲ. ಬಾಜುದಾಗ ಕ್ರಿಕೆಟ್ ಹುಡುಗ ಅಷ್ಟ್ರಾಗ ನೂರು ಬಾಲ್ ಆಡಿರ್ತಾನ.

ಈಗ ಸ್ವಲ್ಪ ಹಳೇ ಮಾತು. 1956ರ ನವೆಂಬರ್ ತನ ನಾವು ಹೈದರಾಬಾದ್ ರಾಜ್ಯದಾಗ ಇದ್ವಲ್ರಿ, ನಮ್ಮ ತಂದಿಯವ್ರು ಆ ಕಾಲಕ್ಕ ಅಲ್ಲೇ ಕೆಲಸಕ್ಕಿದ್ರು, ಹೈದರಾಬಾದ್ ಸಿಟಿ ಪೊಲೀಸ್ ಟೀಮಿನ ಹುಚ್ಚು ಅವ್ರಿಗಿ. 1950ರಿಂದ 54ರ ತನ ಐದು ವರ್ಷ ಸಾಲಾಗಿ ಬೊಂಬಾಯಿದಾಗ ರೋವರ್ಸ್ ಕಪ್ ಗೆದ್ದ ಟೀಮು. ಅದ್ರ ಕೋಚ್ ಸೈಯದ್ ಅಬ್ದುಲ್ ರಹೀಮ್, ಮೂಲತಃ ಸಾಲಿ ಮಾಸ್ತರ್ರೇ. ದೇಶದ ಟೀಮಿಗೂ ಅವ್ರೇ ಕೋಚ್. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಾಗ ಆಸ್ಟ್ರೇಲಿಯಾ ಮ್ಯಾಲ 4-2 ಗೆದ್ವಿ, ನೆವಿಲ್ ಡಿಸೋಜಾ ಹ್ಯಾಟ್ರಿಕ್, ನಾಕನೇ ಸ್ಥಾನ. ಅದೇ ಆಸ್ಟ್ರೇಲಿಯಾ ಮ್ಯಾಲ ಇವತ್ತು ಒಂದು ಗೋಲಿಗಿ ತಡಕಾಡ್ತೀವಿ.

1962ರ ಜಕಾರ್ತಾ ಏಷ್ಯನ್ ಗೇಮ್ಸಿನ ಕಥಿ ನಮ್ಮ ತಂದಿಯವ್ರು ನೂರು ಸಲ ಹೇಳ್ಯಾರ. ಜರ್ನೈಲ್ ಸಿಂಗ್ ಅಂತ ಡಿಫೆಂಡರ್, ಗೋಡಿ ಇದ್ದಂಗ, ತಲಿಗಿ ಪೆಟ್ಟಾಗಿ ಹೊಲಿಗಿ ಹಾಕಿದ್ರು. ಬ್ಯಾರೆ ಯಾರೇ ಆಗಿದ್ರೂ ಹೊರಗ ಕೂಡಸ್ತಿದ್ರು. ರಹೀಮ್ ಸಾಹೇಬ್ರು ಅವ್ನಿಗಿ ಸೆಮಿಫೈನಲ್‌ದಾಗ ಸೆಂಟರ್ ಫಾರ್ವರ್ಡ್ ಆಡಸಿದ್ರು! ಅದ್ರಾಗೂ ಗೋಲ್ ಹೊಡದ, ಫೈನಲ್‌ದಾಗ ದಕ್ಷಿಣ ಕೊರಿಯಾ ಮ್ಯಾಲೂ ಹೊಡದ, ಒಂದು ಪಿ.ಕೆ. ಬ್ಯಾನರ್ಜಿ ಒಂದು ಇವ, 2-1, ಬಂಗಾರದ ಪದಕ. ಅವ್ರು ಹಿಂದಿನ ಗಟ್ಟಿ ಮನುಷ್ಯನಿಗಿ ಮುಂದ ಕಳಸಿದ್ರು, ನಾವು ಮುಂದಿನ ಗಟ್ಟಿ ಹುಡುಗನಿಗಿ ಹಿಂದ ಎಳೀತೀವಿ.

ನಮ್ಮ ಅಂಗಡಿಗಿ ಬರೋ ಒಬ್ರು ಲೆಕ್ಚರರ್ ಇದನ್ನೆಲ್ಲಾ ಕೇಳಿ, ಹೊರಗಿನವ್ರು ಬಂದಿದ್ದಕ್ಕೇ ಆಟದ ಲೆವೆಲ್ ಏರ್ಯದ, ಅವ್ರಿಗಿ ತಗದ್ರ ಮ್ಯಾಚ್ ನೋಡೋರ್ಯಾರು ಅಂತ ವಾದ ಹಾಕಿದ್ರು. ಅರ್ಧ ಖರೇ ಅದ, ಅವ್ರ ಆಟ ನೋಡ್ಲಾಕ ನಾನೂ ರಾತ್ರಿ ಹನ್ನೊಂದರ ತನ ಕೂಡ್ತೀನಿ. ಎಲ್ಲಾರ್ಗೂ ತಗೀರಿ ಅಂತ ನಾ ಅನ್ನಲ್ಲ. ಸೆಂಟರ್ ಫಾರ್ವರ್ಡ್ ಜಾಗಾಕ್ಕ ಒಬ್ಬ ನಮ್ಮವ ಇರ್ಲೇಬೇಕು ಅಂತ ಒಂದು ರೂಲ್ ಮಾಡ್ರಿ, ಎರಡು ವರ್ಷ ಕೆಟ್ಟ ಆಡ್ಲಿ, ಆಡಿ ಆಡೇ ಕಲೀಲಿ. ಹೊರಗಿನವ್ರು ಇಲ್ದ ಜಾಗಾದಾಗ ನಮ್ಮ ಹುಡುಗ್ರು ಹೊಡಿಯೋದಿಲ್ಲೇನು? ರಾಜ್ಯ ರಾಜ್ಯದ ಟೀಮು ಆಡೋ ಸಂತೋಷ್ ಟ್ರೋಫಿ ನೋಡ್ರಿ, 2023ರ ಮಾರ್ಚ್ 4ಕ್ಕ ರಿಯಾಧ್‌ದಾಗ ನಮ್ಮ ಕರ್ನಾಟಕದವ್ರು ಮೇಘಾಲಯ ಮ್ಯಾಲ 3-2 ಹೊಡದು 54 ವರ್ಷದ ಮ್ಯಾಲ ಕಪ್ ತಂದ್ರು. ಫೈನಲ್‌ದಾಗ ಮೂರು ಗೋಲು. ಆ ಟೀಮಿನ ಒಬ್ಬ ಹುಡುಗನ ಹೆಸರು ನಮ್ಮ ಓಣ್ಯಾಗ ಯಾರಿಗೂ ಗೊತ್ತಿಲ್ಲ, ಮೆಸ್ಸಿ ಟೀಶರ್ಟ್ ಮಾತ್ರ ಸೂಪರ್ ಮಾರ್ಕೆಟ್‌ದಾಗ ರಾಶಿ ರಾಶಿ.

ಫುಟ್ಬಾಲ್ ನಡಸೋ ದಿಲ್ಲಿ ಮಂದಿಗಿ ನನ್ನ ಮಾತು ಮುಟ್ಟಲ್ಲ, ಅದಕ್ಕ ನಿಮಗೇ ಒಂದು ವಿನಂತಿ. ಜಿಲ್ಲಾ ಪುಟದಾಗ ಸಾಲಿ ಮ್ಯಾಚಿನ ಸುದ್ದಿ ಹಾಕ್ತೀರಲ್ಲ, ಅದ್ರಾಗ ಕಪ್ ಕೊಟ್ಟ ಮುಖಂಡ್ರ ಹೆಸರು, ವೇದಿಕಿ ಮ್ಯಾಲ ಕುಂತವ್ರ ಹೆಸರು, ಸ್ವಾಗತಿಸಿದವ್ರು, ವಂದಿಸಿದವ್ರು, ಎಲ್ಲಾ ಇರ್ತದ. ಗೋಲ್ ಹೊಡದವ ಯಾರು ಅನ್ನೋದೇ ಇರಲ್ಲ. ಹತ್ತು ಹೆಸರಿನಾಗ ಎರಡು ತಗದು ಆ ಹುಡುಗಂದು ಹಾಕ್ರಿ, ಯಾವ ನಿಮಿಷಕ್ಕ ಹೊಡದ, ಯಾವ ಸಾಲಿ ಅಂತ. ಅವ್ರ ಸರ್ ಕಣ್ಣಿಗೂ ಬೀಳ್ತದ, ಮುಂದ ಆಡೋನಿಗೂ ಊರಾಗ ಒಂದು ಬೆಲಿ ಅದ ಅಂತ.

ವರದಿಗಾರ್ರು ಐತಾರ ಬೆಳಿಗ್ಗಿ ಆರಕ್ಕ ಏಳಲ್ಲಂದ್ರ ನಾ ಇದ್ದೀನ್ರಿ, ಮುಂದಿನ ವಾರಾನೂ ಸೀಟಿ ನಂದೇ. ಬಿಲ್ ಬುಕ್ಕಿನ ಹಿಂದ ಹೆಸರು ಬರ್ಕೊಂಡು ಅಂಗಡಿ ತಗ್ಯೋದ್ರಾಗ ನಿಮ್ಮ ಆಫೀಸಿಗಿ ವಾಟ್ಸಾಪ್ ಮಾಡ್ತೀನಿ. ಹೊಡದು ಮಿಸ್ ಮಾಡ್ದವ್ರದ್ದೂ ಬರೀಲೇನು?

ಇಂತಿ ನಿಮ್ಮ ಓದುಗ,
ಒಬ್ಬ ಹಳೇ ಲೆಫ್ಟ್ ಔಟ್, ಕಲಬುರಗಿ