ಹುಬ್ಬಳ್ಳಿ–ಮಂಗಳೂರು: ಹತ್ತಿರವಿದ್ದೂ ದೂರ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿದ್ದು, ಅವುಗಳ ನಡುವಿನ ನೇರ ವಾಯುಮಾರ್ಗದ ಅಂತರ ಸುಮಾರು 270 ಕಿ.ಮೀ. ಮಾತ್ರ. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುವ ಎಟಿಆರ್ ವಿಮಾನಕ್ಕೆ ಇದು ಲೆಕ್ಕದಲ್ಲಿ ಅರ್ಧ ಗಂಟೆಯ ದಾರಿಯಾದರೂ, ರನ್‌ವೇ ತಲುಪುವುದು, ಮೇಲೇರುವುದು, ಇಳಿಯುವ ಮುನ್ನ ವೇಗ ತಗ್ಗಿಸುವುದು ಎಲ್ಲವೂ ಸೇರಿ ಒಂದು ಗಂಟೆಯಷ್ಟು ಬೇಕಾಗುತ್ತದೆ. ಅಂತರ ಕಡಿಮೆಯಾದಷ್ಟೂ ಸಮಯ ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲವೆಂಬುದನ್ನು ಪ್ರಯಾಣಿಕರು ಒಪ್ಪುತ್ತಾರೆ.

ಒಪ್ಪಲಾಗದ್ದು ಬೇರೆಯದೇ ಇದೆ. ನೇರ ವಿಮಾನವಿಲ್ಲದಾಗ ಬೆಂಗಳೂರಿನ ಮೂಲಕ ಸುತ್ತಿ ಬರಬೇಕಾಗಿ, ಹಾರಾಟದ ದೂರವೇ 670 ಕಿ.ಮೀ. ದಾಟುತ್ತದೆ, ದೇವನಹಳ್ಳಿಯಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಹೊತ್ತನ್ನೂ ಸೇರಿಸಿದರೆ, ಅರಬೈಲು ಘಟ್ಟ ಇಳಿದು ಕರಾವಳಿಯ ಹೆದ್ದಾರಿ ಹಿಡಿಯುವ ಬಸ್ಸಿಗಿಂತ ಹೆಚ್ಚೇನೂ ಉಳಿತಾಯವಾಗದು. (ಟಿಕೆಟ್ ದರದ ಮಾತು ಬೇಡವೇ ಬೇಡ.) ಚಿಕಿತ್ಸೆಗೂ ವ್ಯಾಸಂಗಕ್ಕೂ ಮಂಗಳೂರು, ಮಣಿಪಾಲಗಳನ್ನು ನೆಚ್ಚಿರುವ ಉತ್ತರ ಕರ್ನಾಟಕದವರಿಗೆ ಈ ಸುತ್ತು ದುಬಾರಿಯಾಗಿದೆ.

ಬೆಳಿಗ್ಗೆ ಹೋಗಿ ಸಂಜೆ ಮರಳುವಂತೆ, ವಾರದಲ್ಲಿ ಕೆಲವೇ ದಿನವಾದರೂ ಸರಿ, ಈ ಮಾರ್ಗದಲ್ಲಿ ಖಚಿತ ವೇಳೆಯ ನೇರ ಸೇವೆ ನಿರಂತರವಾಗಿ ಇರುವಂತೆ ರಾಜ್ಯ ಸರ್ಕಾರವು ವಿಮಾನಯಾನ ಸಂಸ್ಥೆಗಳೊಂದಿಗೆ ಮಾತುಕತೆ ನಡೆಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ, ಧಾರವಾಡ